ಸೇಶೆಲ್ಸ್, ಮಾಲ್ಡೀವ್ಸ್, ಜಾಂಜಿಬಾರ್, ಮಾರಿಷಸ್: ಅಮ್ಮನ ಜೊತೆ ಹೋಗಲು ಯಾವುದು ಸರಿ? ಚಿಕ್ಕ ವಸತಿ ಹುಡುಕುವುದು ಹೇಗೆ?

ಮರಳಹೆಜ್ಜೆ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರದಿಂದ ಹತ್ತು ದಿನ ರಜೆ ಸಿಕ್ಕಿದೆ. ನಾನು, ನನ್ನ ಗಂಡ, ಜೊತೆಗೆ ನಮ್ಮಮ್ಮ. ಅಮ್ಮನಿಗೆ 68 ವರ್ಷ. ಮಂಡಿನೋವು ಇದೆ, ಈಜು ಬರುವುದಿಲ್ಲ, ಆದರೆ ನೀರಿನ ಪಕ್ಕ ಕೂತರೆ ಮೂರು ಗಂಟೆ ಕಳೆದದ್ದೇ ಅವರಿಗೆ ಗೊತ್ತಾಗುವುದಿಲ್ಲ.

ಹಿಂದೊಮ್ಮೆ ಒಂದು ದೊಡ್ಡ ರಿಸಾರ್ಟಿನಲ್ಲಿ ಐದು ದಿನ ಇದ್ದೆವು. ಕೋಣೆ, ಊಟ ಎಲ್ಲ ಚೆನ್ನಾಗಿಯೇ ಇತ್ತು, ಆದರೆ ಯಾವ ದೇಶಕ್ಕೆ ಬಂದಿದ್ದೇವೆ ಅನ್ನುವುದೇ ಮರೆತುಹೋಗುವ ಹಾಗಿತ್ತು. ಊಟಕ್ಕೆ ಸಾಲು, ಬೆಳಿಗ್ಗೆ ಆರಕ್ಕೇ ಎದ್ದು ಕುರ್ಚಿಗೆ ಟವೆಲ್ ಹಾಕಿ ಜಾಗ ಹಿಡಿಯುವುದು. ಈ ಸಲ ಅದು ಬೇಡ. ಆರೆಂಟು ಕೋಣೆ ಇರುವ, ಮನೆಯವರೇ ನಿಂತು ನಡೆಸುವ, ಅಂಗಳದಲ್ಲಿ ಒಂದೆರಡು ಮರ ಇರುವ ಜಾಗ ಸಿಕ್ಕರೆ ಸಾಕು.

ಮಾಲ್ಡೀವ್ಸಿನ ಊರಿರುವ ದ್ವೀಪ, ಸೇಶೆಲ್ಸಿನ ಲಾ ದೀಗ್, ಜಾಂಜಿಬಾರಿನ ಪೂರ್ವ ತೀರ, ಮಾರಿಷಸ್, ಈ ನಾಲ್ಕರಲ್ಲಿ ತಲೆ ಸಿಕ್ಕಿಹಾಕಿಕೊಂಡಿದೆ. ಫೋಟೋ ನೋಡಿದರೆ ಎಲ್ಲ ಒಂದೇ ತರಹ ಕಾಣುತ್ತವೆ. ಹೋಗಿಬಂದವರು ದಯವಿಟ್ಟು ಹೇಳಿ.

ನಿಧಾನಪಯಣ

ಫೋಟೋ ಬದಿಗಿಡಿ, ಮೊದಲು ತಿಂಗಳು ನೋಡಿ. ಈ ದ್ವೀಪಗಳಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸೇಶೆಲ್ಸಿನಲ್ಲಿ ಸುಮಾರು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ. ಆಗ ಆ ಕಡೆಗೆ ಮುಖ ಮಾಡಿರುವ ತೀರಗಳಲ್ಲಿ ಅಲೆ ಜೋರು, ಕಡಲಪಾಚಿ ಬಂದು ದಡದಲ್ಲಿ ಬೀಳುತ್ತದೆ. ಡಿಸೆಂಬರ್ ಹೊತ್ತಿಗೆ ಗಾಳಿ ವಾಯವ್ಯಕ್ಕೆ ತಿರುಗುತ್ತದೆ, ಮಳೆ ಜಾಸ್ತಿ. ಈ ಎರಡರ ನಡುವೆ ಗಾಳಿ ಸುಮ್ಮನಾಗುವ ಕಾಲ ಒಂದಿದೆ, ಏಪ್ರಿಲ್ ಸುತ್ತಮುತ್ತ ಮತ್ತೆ ಅಕ್ಟೋಬರ್ ಸುತ್ತಮುತ್ತ. ನೀರು ತಿಳಿಯಾಗಿರುತ್ತದೆ, ದೋಣಿ ಅಷ್ಟು ಕುಲುಕುವುದಿಲ್ಲ. ನಿಮ್ಮ ರಜೆ ಸರಿಯಾಗಿ ಅಲ್ಲಿಗೇ ಬಂದು ಕೂತಿದೆ.

ಆದರೆ ಲಾ ದೀಗ್ ಬಗ್ಗೆ ಒಂದು ಮಾತು. ನಾನು ಅಲ್ಲಿ ಒಂಬತ್ತು ದಿನ ಇದ್ದೆ, ನನಗೆ ಅಷ್ಟು ಇಷ್ಟವಾದ ದ್ವೀಪ ಇನ್ನೊಂದಿಲ್ಲ. ಸುಮಾರು ಹತ್ತು ಚದರ ಕಿಲೋಮೀಟರಿನ ಜಾಗ, ಕಾರು ತೀರಾ ಕಡಿಮೆ, ಎಲ್ಲರೂ ಸೈಕಲ್. ಅದೇ ಅದರ ಚೆಂದ, ಮಂಡಿನೋವು ಇರುವವರಿಗೆ ಅದೇ ಕಷ್ಟ. ಆಗ್ನೇಯ ಬದಿಯ ಗ್ರಾಂಡ್ ಆನ್ಸ್‌ಗೆ ಹೋಗುವ ದಾರಿಯಲ್ಲಿ ಏರು ಬರುತ್ತದೆ, ಅಲ್ಲಿ ನೀರಿನ ಸೆಳೆತವೂ ಬಲವಾಗಿದೆ, ಈಜು ಬರದವರು ಇಳಿಯಲೇಬಾರದು. ಪಶ್ಚಿಮ ಬದಿಯ ಆನ್ಸ್ ಸೂರ್ಸ್ ದಾರ್ಜಾನ್ ಬೇರೆಯೇ ಲೋಕ. ದೊಡ್ಡ ದೊಡ್ಡ ಗ್ರಾನೈಟ್ ಬಂಡೆ, ಮುಂದೆ ಹವಳದ ದಿಬ್ಬ ತಡೆಯಾಗಿ ನಿಂತಿರುವುದರಿಂದ ನೀರು ಮೊಣಕಾಲುದ್ದ, ಶಾಂತ. ಅಮ್ಮನಿಗೆ ಹೇಳಿಮಾಡಿಸಿದ ಹಾಗೆ ಇದೆ.

ಅದಕ್ಕೇ ನಾನು ಹೇಳುವುದು, ಪಕ್ಕದ ದ್ವೀಪ ಪ್ರಾಲಿನ್‌ನಲ್ಲಿ ಉಳಿದುಕೊಳ್ಳಿ. ಅಲ್ಲಿ ಬಸ್ ಇದೆ, ಟ್ಯಾಕ್ಸಿ ಇದೆ, ಸೇಶೆಲ್ಸಿನ ಮುಖ್ಯ ದ್ವೀಪ ಮಾಹೆಯಿಂದ ಚಿಕ್ಕ ವಿಮಾನವೂ ಇದೆ, ಒಂದು ಗಂಟೆ ದೋಣಿಯಲ್ಲಿ ಕೂರಲು ಆಗದಿದ್ದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಹಾರಿ ಬರಬಹುದು. ಲಾ ದೀಗ್‌ಗೆ ಅಲ್ಲಿಂದ ದೋಣಿಯಲ್ಲಿ ಕಾಲು ಗಂಟೆ, ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಪ್ರಾಲಿನ್‌ನಲ್ಲೇ ವಾಲೆ ದ ಮೇ ಕಾಡು ಇದೆ, 1983ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಜಗತ್ತಿನ ಅತಿ ದೊಡ್ಡ ಬೀಜ ಬಿಡುವ ಕೋಕೋ ದ ಮೇರ್ ತಾಳೆಮರಗಳು ಅಲ್ಲಿವೆ. ಆ ಎಲೆಗಳ ಕೆಳಗೆ ನಿಂತಾಗ ಗಾಳಿಗೆ ಬರುವ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಅಲೆಲೆಕ್ಕ

ಜಾಂಜಿಬಾರ್ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನನಗೆ ಅಲ್ಲಿ ಬೇಸರವಾಯಿತು. ತಪ್ಪು ದ್ವೀಪದ್ದಲ್ಲ, ನನಗೆ ಯಾರೂ ಹೇಳಿರಲಿಲ್ಲ ಅಷ್ಟೆ. ಪೂರ್ವ ತೀರದಲ್ಲಿ, ಪಾಜೆ, ಜಂಬಿಯಾನಿ ಕಡೆ, ಇಳಿತದ ಹೊತ್ತಿಗೆ ಸಮುದ್ರ ಕಿಲೋಮೀಟರಿನಷ್ಟು ಹಿಂದಕ್ಕೆ ಹೋಗುತ್ತದೆ. ನಾವು ಬುಕ್ ಮಾಡಿದ್ದ ಜಾಗದವರು ಹಾಕಿದ್ದ ಫೋಟೋಗಳೆಲ್ಲ ನೀರು ತುಂಬಿದಾಗ ತೆಗೆದವು. ನಾವು ತಲುಪಿದ್ದು ಮಧ್ಯಾಹ್ನ, ಕಣ್ಣು ಹಾಯುವವರೆಗೂ ಒದ್ದೆ ಮರಳು, ಚೂಪು ಕಲ್ಲು, ನಡುವೆ ಮುಳ್ಳು ತುಂಬಿದ ಕಡಲ ಜೀವಿಗಳು. ನನ್ನ ಮಗ ಅತ್ತೇಬಿಟ್ಟ.

ಎರಡನೇ ದಿನ ಮಾತ್ರ ಅದೇ ಮರಳಿನ ಮೇಲೆ ನಡೆದುಹೋದೆವು. ಅಲ್ಲಿನ ಹೆಂಗಸರು ಕಡ್ಡಿ ನೆಟ್ಟು ಹಗ್ಗ ಕಟ್ಟಿ ಕಡಲಪಾಚಿ ಬೆಳೆಯುತ್ತಾರೆ, ನೀರು ಇಳಿದಾಗಲೇ ಅವರ ಕೆಲಸ. ಅದನ್ನು ನೋಡಿದ್ದು ಇಡೀ ಪ್ರವಾಸದಲ್ಲೇ ಒಳ್ಳೆಯ ಹೊತ್ತು. ಆದರೆ ದಡದಲ್ಲಿ ಕೂತು ನೀರಿಗೆ ಕಾಲು ಬಿಡಬೇಕು ಅನ್ನುವ ನಿಮ್ಮಮ್ಮನಿಗೆ ದಿನದ ಅರ್ಧ ಹೊತ್ತು ನೀರೇ ಇರುವುದಿಲ್ಲ. ಉಬ್ಬರದ ಸಮಯ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತಾ ಇರುತ್ತದೆ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸು ಏರಿಳಿತ ಇನ್ನೂ ಜಾಸ್ತಿ. ಹೋಗಲೇಬೇಕು ಅನಿಸಿದರೆ ಉತ್ತರದ ನುಂಗ್ವಿ, ಕೆಂಡ್ವಾ ನೋಡಿ, ಅಲ್ಲಿ ಇಳಿತದಲ್ಲೂ ನೀರು ಸಿಗುತ್ತದೆ, ಜನ ಜಾಸ್ತಿ. ಜಾಂಜಿಬಾರಿನ ಹಳೆಯ ಪೇಟೆ ಸ್ಟೋನ್ ಟೌನಿನಲ್ಲಿ ಹಳೆಯ ಮನೆಗಳನ್ನೇ ವಸತಿ ಮಾಡಿದ್ದಾರೆ, ಕೆತ್ತನೆಯ ಬಾಗಿಲು ನೋಡಿಯೇ ಮನಸ್ಸು ತುಂಬುತ್ತದೆ, ಆದರೆ ಕಡಿದಾದ ಮೆಟ್ಟಿಲು. ಮಂಡಿನೋವಿಗೆ ಖಂಡಿತ ಬೇಡ.

ಕಿಟಕಿಪಕ್ಕ

ನಾಲ್ಕು ದ್ವೀಪದ ಮಾತು ಬೇರೆಯವರು ಆಡಲಿ, ನಾನು ವಸತಿ ಹುಡುಕುವ ಬಗ್ಗೆ ಬರೆಯುತ್ತೇನೆ. ವರ್ಷಕ್ಕೆ ಒಂದು ಸಲವಾದರೂ ಇದೇ ಕೆಲಸ ಮಾಡುತ್ತೇನೆ, ನಿಜವಾಗಿ ಖುಷಿಯ ಕೆಲಸ.

ಬುಕಿಂಗ್ ತಾಣದಲ್ಲಿ ಹುಡುಕಿ, ಆದರೆ ಅಲ್ಲೇ ನಿಲ್ಲಬೇಡಿ. ಮ್ಯಾಪ್ ತೆರೆದು ಉಪಗ್ರಹ ಚಿತ್ರಕ್ಕೆ ಹಾಕಿ, ತೀರದ ಉದ್ದಕ್ಕೂ ಬೆರಳು ಓಡಿಸಿ. ಹವಳದ ದಿಬ್ಬ ಎಲ್ಲಿದೆ, ಮರದ ನೆರಳು ಎಲ್ಲಿದೆ, ರಸ್ತೆ ಕಡಲಿಗೂ ಮನೆಗೂ ನಡುವೆ ಹಾದುಹೋಗಿದೆಯಾ, ಎಲ್ಲ ಕಾಣುತ್ತದೆ. "ಸಮುದ್ರಕ್ಕೆ ಎರಡು ನಿಮಿಷ" ಅಂತ ಬರೆದಿರುತ್ತಾರೆ, ಆ ಎರಡು ನಿಮಿಷದಲ್ಲಿ ಮುಖ್ಯರಸ್ತೆ ದಾಟಬೇಕು ಅಂತ ಬರೆದಿರುವುದಿಲ್ಲ. ಚಿಕ್ಕ ಜಾಗಗಳಿಗೆ ಊರೂರಿಗೂ ಬೇರೆ ಹೆಸರು. ಮಾಲ್ಡೀವ್ಸಿನಲ್ಲಿ ಗೆಸ್ಟ್‌ಹೌಸ್ ಅಂತ ಹುಡುಕಿ, ಸೇಶೆಲ್ಸಿನಲ್ಲಿ ಸೆಲ್ಫ್ ಕೇಟರಿಂಗ್ ಅಂದರೆ ಅಡುಗೆಮನೆ ಇರುವ ಪುಟ್ಟ ಮನೆಗಳು ಸಿಗುತ್ತವೆ, ಮಾರಿಷಸ್ ಕಡೆ ಶಾಂಬ್ರ್ ದೋತ್ ಅಂದರೆ ಮನೆಯವರೇ ಕೋಣೆ ಕೊಡುವುದು, ಟಾಬ್ಲ್ ದೋತ್ ಇದ್ದರೆ ಅವರ ಜೊತೆಯಲ್ಲೇ ಊಟ.

ವಿಮರ್ಶೆ ಓದುವಾಗ ನೀವು ಹೋಗುವ ತಿಂಗಳಲ್ಲೇ ಹೋಗಿದ್ದವರದ್ದನ್ನು ಓದಿ. ಹತ್ತಕ್ಕೆ ಹತ್ತು ಕೊಟ್ಟವರಿಗಿಂತ ಏಳು ಕೊಟ್ಟವರು ಜಾಸ್ತಿ ವಿಷಯ ಹೇಳಿರುತ್ತಾರೆ. ಆಮೇಲೆ ಮನೆಯವರಿಗೆ ನೇರವಾಗಿ ಬರೆಯಿರಿ. ನಾನು ಯಾವಾಗಲೂ ಕೇಳುವುದು ಇಷ್ಟು: ನೆಲಮಹಡಿಯ ಕೋಣೆ ಯಾವುದು, ಮೆಟ್ಟಿಲು ಎಷ್ಟು, ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದೆಯಾ, ಕರೆಂಟು ಹೋದರೆ ಫ್ಯಾನ್ ತಿರುಗುತ್ತದಾ, ದೋಣಿಕಟ್ಟೆಗೆ ಯಾರು ಬರುತ್ತಾರೆ. ಉತ್ತರದಲ್ಲೇ ಜನ ಗೊತ್ತಾಗುತ್ತಾರೆ. ಒಮ್ಮೆ ಒಬ್ಬ ಅಜ್ಜಿ "ಎರಡನೇ ಕೋಣೆ ತೆಗೆದುಕೊಳ್ಳಿ, ಮೊದಲನೆಯದಕ್ಕೆ ಬೆಳಿಗ್ಗೆ ಬಿಸಿಲು ಹೊಡೆಯುತ್ತದೆ" ಅಂತ ಬರೆದಿದ್ದರು. ಆ ಒಂದು ಸಾಲು ಸಾಕಾಯಿತು ನನಗೆ.

ಇನ್ನೊಂದು, ಮೊದಲ ಎರಡು ರಾತ್ರಿಗೆ ಮಾತ್ರ ಬುಕ್ ಮಾಡಿ, ಹೋದ ಮೇಲೆ ಸುತ್ತಾಡಿ ಉಳಿದದ್ದು ನೋಡಿಕೊಳ್ಳಿ.

ನಿಧಾನಪಯಣ

ಕಿಟಕಿಪಕ್ಕ ಅವರೇ, ಎಲ್ಲ ಒಪ್ಪಿದೆ, ಕೊನೆಯದು ಮಾತ್ರ ಸೇಶೆಲ್ಸಿಗೆ ನಡೆಯುವುದಿಲ್ಲ. ಅಲ್ಲಿ ವೀಸಾ ಬೇಡ, ಆದರೆ ಹೊರಡುವ ಮೊದಲೇ ಪ್ರಯಾಣದ ಅನುಮತಿ ಪಡೆಯಬೇಕು, ಅದಕ್ಕೆ ಉಳಿದುಕೊಳ್ಳುವ ಜಾಗದ ಬುಕಿಂಗ್ ತೋರಿಸಬೇಕು. ಹತ್ತೂ ದಿನಕ್ಕೆ ಬೇಕಾದ ಜಾಗ ಮೊದಲೇ ಬುಕ್ ಮಾಡಿಕೊಂಡು ಹೋಗುವುದೇ ಸರಿ. ಡೇರೆ ಹಾಕಿ ಮಲಗುವುದಕ್ಕೂ ಅಲ್ಲಿ ಬಿಡುವುದಿಲ್ಲ.

ಹವಳದಂಡೆ

ಮಾಲ್ಡೀವ್ಸ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ. 2009ರ ಆಸುಪಾಸಿನವರೆಗೂ ಅಲ್ಲಿ ಪ್ರವಾಸಿಗರು ಹೆಚ್ಚಾಗಿ ರಿಸಾರ್ಟ್ ದ್ವೀಪಗಳಲ್ಲೇ ಇರಬೇಕಿತ್ತು. ಆಮೇಲೆ ಕಾನೂನು ಬದಲಾಯಿತು, ಜನ ವಾಸಿಸುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ಬಂದವು. ದಿಗುರಾ, ಉಕುಲಹಸ್, ಫುಲಿದೂ, ಇಂಥ ಊರುಗಳಲ್ಲಿ ನಿಮಗೆ ಬೇಕಾದ ತರಹದ ಜಾಗಗಳಿವೆ. ಸಂಜೆ ಹೊತ್ತು ಕಡಲ ಪಕ್ಕ ಬಲೆಯ ಹಾಗೆ ಹೆಣೆದ ಜೋಲಿ ಕುರ್ಚಿಗಳಲ್ಲಿ ಊರವರು ಕೂತಿರುತ್ತಾರೆ, ಅವುಗಳಿಗೆ ಜೋಲಿ ಅಂತಲೇ ಕರೆಯುತ್ತಾರೆ, ನಾವೂ ಹೋಗಿ ಕೂತರೆ ಮಾತಾಡಿಸುತ್ತಾರೆ. ನೆಲವೆಲ್ಲ ಮಟ್ಟಸ, ಏರು ಅನ್ನುವುದೇ ಇಲ್ಲ. ಅಮ್ಮನಿಗೆ ಅದೊಂದು ದೊಡ್ಡ ಅನುಕೂಲ.

ಊರಿನ ದ್ವೀಪದಲ್ಲಿ ಈಜುಡುಗೆ ತೊಟ್ಟು ಇರಲು ಬೇರೆ ದಂಡೆ ಗುರುತಿಸಿರುತ್ತಾರೆ, ಮದ್ಯ ಇಲ್ಲ, ಊರೊಳಗೆ ಮೈತುಂಬ ಬಟ್ಟೆ ಹಾಕಿಕೊಳ್ಳಬೇಕು. ನಿಮಗೆ ಇದೆಲ್ಲ ತೊಂದರೆ ಅನಿಸದೆ ಇರಬಹುದು. ಯೋಚಿಸಬೇಕಾದದ್ದು ದೋಣಿ. ಸರ್ಕಾರಿ ದೋಣಿ ನಿಧಾನ, ಶುಕ್ರವಾರ ಸಾಮಾನ್ಯವಾಗಿ ಇರುವುದಿಲ್ಲ. ಸ್ಪೀಡ್‌ಬೋಟ್ ಬೇಗ ಹೋಗುತ್ತದೆ, ಆದರೆ ಅಲೆ ಇದ್ದರೆ ಎತ್ತಿ ಎತ್ತಿ ಹಾಕುತ್ತದೆ. ಅಮ್ಮನನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಮುಂದೆ ಕೂತವರಿಗೇ ಹೊಡೆತ ಜಾಸ್ತಿ. ಅಕ್ಟೋಬರ್ ಕೊನೆಗೆ ಅಲ್ಲಿ ನೈಋತ್ಯ ಮಳೆಯ ಬಾಲ ಇನ್ನೂ ಇರುತ್ತದೆ. ನೀವು ಫೆಬ್ರವರಿಯಲ್ಲಿ ಹೋಗುವವರಾಗಿದ್ದರೆ ನಾನು ಬೇರೆ ಮಾತೇ ಆಡುತ್ತಿರಲಿಲ್ಲ, ಮಾಲ್ಡೀವ್ಸ್ ಅಂದುಬಿಡುತ್ತಿದ್ದೆ.

ಮಾರಿಷಸ್ ಅಕ್ಟೋಬರಿನಲ್ಲಿ ಚೆನ್ನಾಗಿಯೇ ಇರುತ್ತದೆ, ಚಂಡಮಾರುತದ ಕಾಲ ನವೆಂಬರಿನಿಂದ ಶುರು. ಆದರೆ ದೊಡ್ಡ ದ್ವೀಪ, ಕಾರಿಲ್ಲದೆ ಕಷ್ಟ.

ಮರಳಹೆಜ್ಜೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಪ್ರಾಲಿನ್ ಅಂತ ಆಯಿತು. ಕಿಟಕಿಪಕ್ಕ ಅವರು ಹೇಳಿದ ಪ್ರಶ್ನೆಗಳನ್ನು ಮೂರು ಮನೆಗಳಿಗೆ ಕಳಿಸಿದೆ. ಒಬ್ಬರು ಬೆಲೆಯ ಪಟ್ಟಿ ಮಾತ್ರ ಕಳಿಸಿದರು. ಇನ್ನೊಬ್ಬರು ಉತ್ತರ ಕೊಟ್ಟಿಲ್ಲ. ಮೂರನೆಯವರು ತಮ್ಮ ಮನೆಯ ಮೆಟ್ಟಿಲಿನ ಫೋಟೋ ತೆಗೆದು ಕಳಿಸಿದ್ದಾರೆ, ಮೂರೇ ಮೆಟ್ಟಿಲು, ಪಕ್ಕದಲ್ಲಿ ಹಿಡಿಕೆ ಇದೆ, ದೋಣಿಕಟ್ಟೆಗೆ ತಾವೇ ಬರುತ್ತಾರಂತೆ. ಅಮ್ಮ ಆ ಫೋಟೋ ದೊಡ್ಡದು ಮಾಡಿ ನೋಡಿ, ಅಂಗಳದಲ್ಲಿರುವ ಮರ ಯಾವುದು ಅಂತ ಕೇಳಿ ಅಂದರು. ಅದನ್ನೂ ಬರೆದು ಕೇಳಿದ್ದೇನೆ.