‘ಅಜ್ಞಾತ ಉಪಗ್ರಹ’ವೋ, ‘ಗುರುತಾಗದ ಉಪಗ್ರಹ’ವೋ?

ಮಾನ್ಯರೇ,

ರಾತ್ರಿಯಾಕಾಶದಲ್ಲಿ ಬೈನಾಕ್ಯುಲರ್‌ನ ನೋಟಕ್ಕೆ ಸಿಕ್ಕಿ ಸರಿದುಹೋಗುವ ಮಂದ ಚುಕ್ಕೆಯು ಯಾವ ಉಪಗ್ರಹವೆಂದು ಕಂಡುಕೊಳ್ಳುವ ಬಗೆಯನ್ನು ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ಗುರುತಿಸು’ ಮತ್ತು ‘ಅಜ್ಞಾತ’ ಎಂಬ ಎರಡು ಪದಗಳ ಬಳಕೆ ತೊಡಕಾಗಿದೆ.

‘ಉಪಗ್ರಹವನ್ನು ಗುರುತಿಸಿದೆ’ ಎಂದರೆ ಚುಕ್ಕೆ ಕಣ್ಣಿಗೆ ಬಿತ್ತೆಂದೂ ಆಗುತ್ತದೆ, ಅದು ಇಂಥದ್ದೇ ಎಂದು ಖಚಿತವಾಯಿತೆಂದೂ ಆಗುತ್ತದೆ. ವೀಕ್ಷಕರಿಗೆ ಇವು ಬೇರೆ ಬೇರೆ ಕೆಲಸಗಳು. ಎರಡನೆಯದಕ್ಕೆ, ತಾವು ನಿಂತ ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಚುಕ್ಕೆಯು ಪರಿಚಿತ ನಕ್ಷತ್ರವೊಂದರ ಪಕ್ಕದಲ್ಲಿ ಹಾದ ಕ್ಷಣವನ್ನೂ ಅದು ಸಾಗಿದ ದಿಕ್ಕನ್ನೂ ಬರೆದಿಟ್ಟುಕೊಂಡು, ಪ್ರಕಟಿತ ಕಕ್ಷೆಯ ವಿವರಗಳಿಂದ ಲೆಕ್ಕಹಾಕಿದ ಪಥಗಳೊಡನೆ ಹೋಲಿಸಬೇಕು. ಕಾಲ, ಸ್ಥಾನ, ದಿಕ್ಕು ಮೂರೂ ತಾಳೆಯಾದರೆ ಉಪಗ್ರಹಗಳ ಸಾರ್ವಜನಿಕ ಪಟ್ಟಿಯಲ್ಲಿ ಅದಕ್ಕಿರುವ ಸಂಖ್ಯೆ ಸಿಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ್ದು 25544. ಆದ್ದರಿಂದ ಮೊದಲನೆಯದಕ್ಕೆ ‘ಕಂಡೆ’ ಎಂದೂ ಎರಡನೆಯದಕ್ಕೆ ‘ಗುರುತು ಹಚ್ಚಿದೆ’ ಎಂದೂ ಬರೆಯುತ್ತಿದ್ದೇನೆ. ‘ಪತ್ತೆಹಚ್ಚು’ ಎಂಬುದರಲ್ಲಿ ಕಳೆದುಹೋದದ್ದನ್ನು ಹುಡುಕಿದ ಛಾಯೆ ಇರುವುದರಿಂದ ಅದನ್ನು ಕೈಬಿಟ್ಟೆ.

‘ಅಜ್ಞಾತ’ದ ತೊಡಕು ಇದಕ್ಕಿಂತ ದೊಡ್ಡದು. ಇನ್ನೂ ಹೋಲಿಸಿ ನೋಡದ ಕಾರಣ ವೀಕ್ಷಕರಿಗೆ ಮಾತ್ರ ತಿಳಿಯದಿರುವ ಉಪಗ್ರಹ ಒಂದು ಬಗೆ. ಹೋಲಿಸಿದ ಮೇಲೂ ಸಾರ್ವಜನಿಕ ಪಟ್ಟಿಯ ಯಾವ ಕಕ್ಷೆಗೂ ಹೊಂದದಿರುವುದು ಇನ್ನೊಂದು ಬಗೆ. ಕೆಲವು ಸೇನಾ ಉಪಗ್ರಹಗಳ ಕಕ್ಷೆಗಳನ್ನು ಅಮೆರಿಕ ಪ್ರಕಟಿಸುವುದಿಲ್ಲ. ಹವ್ಯಾಸಿಗಳೇ ಹಲವು ರಾತ್ರಿಗಳ ವೀಕ್ಷಣೆಗಳಿಂದ ಅವುಗಳ ಕಕ್ಷೆಯನ್ನು ಲೆಕ್ಕಹಾಕುತ್ತಾರೆ. ‘ಅಜ್ಞಾತವಾಸ’ದಲ್ಲಿ ಬೇಕೆಂದೇ ಗುರುತು ಮರೆಸಿಕೊಂಡಿರುವ ಅರ್ಥ ಇರುವುದರಿಂದ, ‘ಅಜ್ಞಾತ’ವು ಈ ಗುಟ್ಟಿನ ಉಪಗ್ರಹಗಳಿಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ನನ್ನ ಟಿಪ್ಪಣಿಯಲ್ಲಷ್ಟೇ ಹೆಸರಿಲ್ಲದ ಹಳೆಯ ಹವಾಮಾನ ಉಪಗ್ರಹಕ್ಕೆ ಅಷ್ಟು ಗಾಂಭೀರ್ಯ ಹೆಚ್ಚಾಯಿತು ಎನಿಸುತ್ತದೆ. ಅಂಥದ್ದನ್ನು ‘ಗುರುತಾಗದ’ ಎಂದು ಕರೆದಿದ್ದೇನೆ. ‘ಅಪರಿಚಿತ’ ಎಂಬುದು ಮನುಷ್ಯರಿಗೇ ಹೆಚ್ಚು ಸಲ್ಲುವ ಮಾತು.

ಗುರುತು ಹಚ್ಚುವ ಮೊದಲೇ ‘ಉಪಗ್ರಹ’ ಎನ್ನುವುದೂ ಕಟ್ಟುನಿಟ್ಟಾಗಿ ಸರಿಯಲ್ಲ. ಉರುಳುತ್ತ ಸಾಗುವ, ಬಳಸಿ ಮುಗಿದ ರಾಕೆಟ್ ಹಂತವೂ ಬಿಸಿಲನ್ನು ಪ್ರತಿಫಲಿಸಿ ಲಯಬದ್ಧವಾಗಿ ಮಿನುಗುತ್ತದೆ. ಅಲ್ಲಿಯವರೆಗೆ ‘ಕಾಯ’ ಎನ್ನಬಹುದೇನೋ, ಆದರೆ ಸಾಮಾನ್ಯ ಓದುಗರಿಗೆ ಆ ಪದ ತುಸು ಒರಟಾಗಿ ಕೇಳಬಹುದು.

‘ಗುರುತಾಗದ’ ಎಂಬುದು ಇನ್ನೂ ಹೋಲಿಸಿ ನೋಡಿಲ್ಲ ಎಂಬ ಅರ್ಥವನ್ನು ಕೊಡುತ್ತದೆಯೇ, ಅಥವಾ ಪ್ರಯತ್ನಿಸಿ ಸೋತಂತೆ ಕೇಳುತ್ತದೆಯೇ? ಎರಡನೆಯದಾದರೆ ‘ಗುರುತಿಸಬೇಕಿರುವ’ ಎಂದು ತಿದ್ದುವುದು ಸರಿಯೇ ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.