ಬಳ್ಳಾರಿ ಗಣಿ ನಿಂತಿದ್ದರಿಂದ ಜಿಲ್ಲೆ ಸೊರಗಿತೋ, ಚೇತರಿಸಿತೋ?

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ, ಧಾರವಾಡ):
ಭ್ರಷ್ಟಾಚಾರ ತಗ್ಗಿದರೆ ಆರ್ಥಿಕತೆ ಬೆಳೆಯುತ್ತದೆ ಅಂತ ಓದಿದ್ದೇವೆ. ಆದರೆ 2011ರಲ್ಲಿ ಬಳ್ಳಾರಿಯ ಅಕ್ರಮ ಕಬ್ಬಿಣದ ಅದಿರು ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ ಮೇಲೆ ಅಲ್ಲಿ ಕೆಲಸವೇ ಹೋಯಿತಂತೆ. ಕಂಡವರು ಹೇಳಿ.

ಸಂಡೂರು ಲಾರಿ:
ಕೆಲಸ ಹೋಗಿದ್ದು ನಿಜ ತಂಗಿ. ನಾನೂ ಅದಿರು ಹೊಡೆಯುತ್ತಿದ್ದೆ, ಸಾಲದ ಟಿಪ್ಪರ್. ಜುಲೈ 29ಕ್ಕೆ ಆದೇಶ ಬಂತು, ಬಾಡಿಗೆ ನಿಂತಿತು. ಕಂತು ಕಟ್ಟಲಾಗದೆ ಫೈನಾನ್ಸಿನವರು ಗಾಡಿ ಎಳೆದುಕೊಂಡು ಹೋದರು. ಗ್ಯಾರೇಜು, ಟೈರಿನಂಗಡಿ, ಡಾಬಾ ಒಂದೊಂದಾಗಿ ಮುಚ್ಚಿದವು. ಕಾಗದ ಪತ್ರ ಸರಿಯಿದ್ದ ಗಣಿಯ ಕೂಲಿಗಳೂ ಮನೆ ಸೇರಿದರು. ಅವರಿಗಾದದ್ದು ಅನ್ಯಾಯ, ಈಗಲೂ ಹೇಳುತ್ತೇನೆ.

ಹಾಗಂತ ಮುಂಚಿನದ್ದನ್ನು ಬೆಳವಣಿಗೆ ಅನ್ನಲಾರೆ. 2009ರ ಆಗಸ್ಟ್‌ವರೆಗೆ ಸರ್ಕಾರಕ್ಕೆ ಸಿಗುತ್ತಿದ್ದ ರಾಜಧನ ಟನ್ನಿಗೆ 27 ರೂಪಾಯಿ ದಾಟುತ್ತಿರಲಿಲ್ಲ. ಅದೇ ಅದಿರು ಹಡಗು ಹತ್ತಿ ಚೀನಾಕ್ಕೆ ಹೋದರೆ ಸಾವಿರಾರು ರೂಪಾಯಿ. ನಡುವಿನ ದುಡ್ಡು ನಮ್ಮ ರಸ್ತೆಗೂ ಬರಲಿಲ್ಲ, ಶಾಲೆಗೂ ಬರಲಿಲ್ಲ. ಒಂದೇ ಪರ್ಮಿಟ್ಟಿನಲ್ಲಿ ಹಲವು ಟ್ರಿಪ್ಪು, ಓವರ್‌ಲೋಡು, ದಾರಿಯುದ್ದಕ್ಕೂ ಮಾಮೂಲು. 2006ರಿಂದ 2010ರವರೆಗಿನ ನಷ್ಟವೇ 16,085 ಕೋಟಿ ಅಂತ ವರದಿ ಅಂದಾಜು ಮಾಡಿತು. ರಸ್ತೆ ಪಕ್ಕದ ಜೋಳದ ಹೊಲದಲ್ಲಿ ಎಲೆ ಮೇಲೆಲ್ಲ ಕೆಂಪು ಧೂಳು. ಆ ರೈತನ ನಷ್ಟ ಯಾವ ಲೆಕ್ಕದಲ್ಲಿತ್ತು?

ಲೆಕ್ಕಿಗ, ಬೆಂಗಳೂರು:
ಒಪ್ಪಿದೆ. ಆದರೆ ಮತ್ತೆ ಶುರುವಾದಾಗಲೂ ಬಳ್ಳಾರಿ, ಚಿತ್ರದುರ್ಗ, ತುಮಕೂರು ಮೂರು ಜಿಲ್ಲೆ ಸೇರಿ ವರ್ಷಕ್ಕೆ 3 ಕೋಟಿ ಟನ್ ಮಿತಿ. ಉಕ್ಕಿನ ಕಾರ್ಖಾನೆಗಳು ಅದಿರಿಗಾಗಿ ಪರದಾಡಿದವು. ಕಳ್ಳನನ್ನು ಹಿಡಿಯಲು ಇಡೀ ಸಂತೆಯನ್ನೇ ಮುಚ್ಚಿದ್ದು ಸರಿಯೇ?

ಸಂಡೂರು ಲಾರಿ:
ಮುಚ್ಚದೆ ಹಿಡಿಯುವವರು ಯಾರಿದ್ದರು ಸರ್? ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರೇ ಕಾಣೆಯಾಯಿತಲ್ಲ! ಮಿತಿ ಇಟ್ಟಿದ್ದಕ್ಕೂ ಕಾರಣವಿತ್ತು, ಗುಡ್ಡ ಉಳಿಯಬೇಕಿತ್ತು. ನನ್ನ ದೃಷ್ಟಿಯಲ್ಲಿ ನಿಜವಾದ ಸುಧಾರಣೆ ಇ-ಹರಾಜು. ಯಾರ ಅದಿರು, ಎಷ್ಟು ಟನ್, ಏನು ರೇಟು ಅಂತ ಎಲ್ಲರಿಗೂ ಗೊತ್ತಾಗತೊಡಗಿತು. ತೀರಾ ಅಕ್ರಮ ನಡೆಸಿದ ‘ಸಿ’ ವರ್ಗದ ಗುತ್ತಿಗೆಗಳು 2013ರಲ್ಲಿ ರದ್ದಾದವು. ಕೆಲಸ ನಿಧಾನಕ್ಕೆ ಮರಳಿತು, ನಾನೀಗ ಬೇರೆಯವರ ಗಾಡಿ ಓಡಿಸುತ್ತೇನೆ.

ನನ್ನ ಸಿಟ್ಟು ಬೇರೆಯದಕ್ಕೆ. ಹರಾಜಿನ ಹಣದ ಒಂದು ಪಾಲನ್ನು ಗಣಿಬಾಧಿತ ಹಳ್ಳಿಗಳ ಪುನಶ್ಚೇತನಕ್ಕೆಂದು ಕೋರ್ಟೇ ತೆಗೆದಿರಿಸಿತು. ಅದು ವರ್ಷಗಟ್ಟಲೆ ಖರ್ಚಾಗದೆ ಕೂತಿತ್ತು. ಕೆಲಸ ಕಳೆದುಕೊಂಡವರಿಗೆ ಆಗಲೇ ಅದು ಬೇಕಿತ್ತು. ತಂಗಿ, ಪ್ರಬಂಧ ಬರೆಯುವುದಾದರೆ ಯಾವ ಹಳ್ಳಿಗೆ ಎಷ್ಟು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಮ್ಮ. ಈ ಕಡೆ ಬಂದರೆ ಊರು ತೋರಿಸಲು ನಾನಿದ್ದೇನೆ.