ಲಾರಿಯ ಎಬಿಎಸ್ ಲೈಟ್ ಆರುತ್ತಿಲ್ಲ, ಸೆನ್ಸರ್ ಬದಲಿಸಲೇಬೇಕಾ? ಅನುಭವ ಇದ್ದವರು ಹೇಳಿ

ಹಾಸನ–ಮಂಗಳೂರು ನಡುವೆ ಓಡುವ ಹತ್ತು ಚಕ್ರದ ಲಾರಿ, ಏರ್ ಬ್ರೇಕ್, ಜೊತೆಗೆ ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ). ಮೊದಲು ಏನಾಗುತ್ತಿತ್ತು ಅಂದರೆ, ಸಿಗ್ನಲ್ ಹತ್ತಿರ ನಿಧಾನ ಮಾಡಿ ಇನ್ನೇನು ನಿಲ್ಲಬೇಕು ಅನ್ನುವಾಗ ಕೆಳಗಡೆ ಚಿಸ್ ಚಿಸ್ ಅಂತ ಗಾಳಿ ಬಿಟ್ಟು ಬ್ರೇಕ್ ಒಂದು ಕ್ಷಣ ಸಡಿಲ ಆಗುತ್ತಿತ್ತು. ಈಗ ಎಬಿಎಸ್ ಲೈಟ್ ಹತ್ತಿದ್ದು ಆರುತ್ತಲೇ ಇಲ್ಲ. ಮುಂದಿನ ಎಡಗಾಲಿಯ ವೇಗ ಅಳೆಯುವ ಸೆನ್ಸರ್ ಹೋಗಿದೆ, ಹೊಸದು ಹಾಕಿ ಅಂತ ಗ್ಯಾರೇಜಿನವರು ಅನ್ನುತ್ತಿದ್ದಾರೆ. ಹಾಕಿಸಲಾ, ಬೇರೆ ಏನಾದರೂ ನೋಡಬೇಕಾ?

ಚಿತ್ರದುರ್ಗದಿಂದ, ಮೆಕ್ಯಾನಿಕ್:
ಅಣ್ಣ, ತಕ್ಷಣ ಹೊಸದು ಹಾಕಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಸೆನ್ಸರ್ ಸತ್ತಿರುವುದಕ್ಕಿಂತ ಹಿಂದಕ್ಕೆ ಸರಿದಿರುವ ಸಾಧ್ಯತೆ ಜಾಸ್ತಿ. ಅದರೊಳಗೆ ಇರುವುದು ಒಂದು ಅಯಸ್ಕಾಂತ, ಅದರ ಸುತ್ತ ತಂತಿ ಸುರುಳಿ, ಅಷ್ಟೇ. ಹಬ್‌ನಲ್ಲಿರುವ ಹಲ್ಲಿನ ರಿಂಗ್ ಅದರ ಮುಂದೆ ತಿರುಗಿದಾಗ ಸಣ್ಣ ಎಸಿ ಕರೆಂಟ್ ಹುಟ್ಟುತ್ತದೆ. ಗಾಲಿ ನಿಧಾನ ಆದಷ್ಟೂ ಕರೆಂಟ್ ಕಡಿಮೆ, ರಿಂಗಿಗೂ ಸೆನ್ಸರಿಗೂ ನಡುವಿನ ಗ್ಯಾಪ್ ಜಾಸ್ತಿ ಆದಷ್ಟೂ ಕಡಿಮೆ. ಎರಡೂ ಸೇರಿದಾಗ, ಅಂದರೆ ನಿಲ್ಲುವ ಹೊತ್ತಿಗೆ, ಸಿಗ್ನಲ್ ಪೂರ್ತಿ ಕಾಣೆ ಆಗುತ್ತದೆ. ಇಸಿಯುಗೆ (ಎಬಿಎಸ್ ನಡೆಸುವ ಕಂಪ್ಯೂಟರ್) ಗಾಲಿ ಲಾಕ್ ಆದಂತೆ ಕಾಣಿಸುತ್ತದೆ, ಅದಕ್ಕೇ ಗಾಳಿ ಬಿಡುತ್ತದೆ. ಆಮೇಲೆ ಫಾಲ್ಟ್ ಅಂತ ತೀರ್ಮಾನ ಮಾಡಿ ಲೈಟ್ ಹಾಕುತ್ತದೆ.

ಹೀಗೆ ಮಾಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಎಡಗಾಲಿ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ, ಜಾಕ್ ಒಂದನ್ನೇ ನಂಬಬೇಡಿ. ಕೀ ಆಫ್ ಮಾಡಿ ಸೆನ್ಸರ್ ಕನೆಕ್ಟರ್ ಬಿಚ್ಚಿ ಮೀಟರ್‌ನಲ್ಲಿ ಓಮ್ಸ್ ನೋಡಿ. ಲಾರಿಗಳಲ್ಲಿ ಸಾಮಾನ್ಯವಾಗಿ 1000ದಿಂದ 2000 ಓಮ್ಸ್ ಆಸುಪಾಸು ಬರುತ್ತದೆ, ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಪುಸ್ತಕ ಸಿಗದಿದ್ದರೆ ಬಲಗಡೆಯದನ್ನೂ ಅಳೆದು ಹೋಲಿಸಿ, ಅದೇ ಒಳ್ಳೆಯ ಅಳತೆಗೋಲು. ಓಪನ್ (ಒಳಗೆ ತಂತಿ ತುಂಡಾದಂತೆ) ಇಲ್ಲವೇ ಶಾರ್ಟ್ (ಸೊನ್ನೆ ಹತ್ತಿರ) ತೋರಿಸಿದರೆ ಅಲ್ಲಿಗೆ ಸೆನ್ಸರ್ ಕತೆ ಮುಗಿಯಿತು. ಸರಿ ಇದ್ದರೆ ಮೀಟರನ್ನು ಎಸಿ ವೋಲ್ಟಿಗೆ ಹಾಕಿ, ಕೈಯಲ್ಲಿ ಗಾಲಿ ತಿರುಗಿಸಿ. ಎರಡು ಸೆಕೆಂಡಿಗೆ ಒಂದು ಸುತ್ತು ಸಾಕು. ಕನಿಷ್ಠ 0.2 ವೋಲ್ಟ್ ಬರಬೇಕು. ಬರಲಿಲ್ಲ ಅಂದರೆ ಸೆನ್ಸರನ್ನು ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ ರಿಂಗಿಗೆ ತಾಗಿಸಿ, ಮತ್ತೆ ತಿರುಗಿಸಿ ನೋಡಿ. ಎಷ್ಟೋ ಗಾಡಿಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಆದರೆ ಅದು ಹಿಂದಕ್ಕೆ ಸರಿದದ್ದು ಯಾಕೆ ಅಂತ ಕೇಳಲೇಬೇಕು. ಟೈರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಬೇರಿಂಗ್ ಆಟ ಕೊಡುತ್ತಿದ್ದರೆ ರಿಂಗ್ ಒದ್ದು ಒದ್ದು ಸೆನ್ಸರನ್ನು ಹಿಂದಕ್ಕೆ ತಳ್ಳಿರುತ್ತದೆ. ಆಗ ಹೊಸ ಸೆನ್ಸರ್ ಹಾಕಿದರೂ ಸ್ವಲ್ಪ ದಿನಕ್ಕೆ ಅದೇ ರಾಗ. ಬೇರಿಂಗ್ ಸಡಿಲ ಅನ್ನುವುದು ಎಬಿಎಸ್ ಲೈಟಿಗಿಂತ ದೊಡ್ಡ ವಿಷಯ, ಅದನ್ನು ಮೊದಲು ಸರಿ ಮಾಡಿಸಿ.

ಹುಬ್ಬಳ್ಳಿಯಿಂದ, ಆಟೋ ಎಲೆಕ್ಟ್ರಿಷಿಯನ್:
ಮೇಲಿನವರು ಹೇಳಿದ್ದು ಸರಿ. ವೈರಿಂಗ್ ಬಗ್ಗೆ ಒಂದು ಮಾತು. ಮುಂದಿನ ಗಾಲಿಯ ವೈರ್ ಸ್ಟೇರಿಂಗ್ ಜೊತೆ ದಿನವಿಡೀ ಮಡಚುತ್ತದೆ. ಮೇಲಿನ ರಬ್ಬರ್ ಚೆನ್ನಾಗಿಯೇ ಕಾಣುತ್ತದೆ, ಒಳಗೆ ತಾಮ್ರ ತುಂಡಾಗಿರುತ್ತದೆ. ಮೀಟರ್ ಕೊಟ್ಟುಕೊಂಡೇ ವೈರನ್ನು ಗೇಣು ಗೇಣಾಗಿ ಬಗ್ಗಿಸಿ ನೋಡಿ, ಓಮ್ಸ್ ಹಾರಿದರೆ ಅಲ್ಲೇ ಇದೆ ರೋಗ. ಕನೆಕ್ಟರ್ ಪಿನ್ನಿನಲ್ಲಿ ಹಸಿರು ಕಿಲುಬು ಇದೆಯಾ ಅಂತಲೂ ನೋಡಿ, ಕರಾವಳಿಗೆ ಹೋಗುವ ಗಾಡಿಗಳಲ್ಲಿ ಅದು ಇದ್ದದ್ದೇ. ಎರಡು ವೈರಲ್ಲಿ ಯಾವುದೂ ಚಾಸಿಗೆ ಶಾರ್ಟ್ ಆಗಿರಬಾರದು. ಇನ್ನೊಂದು, ದಯವಿಟ್ಟು 24 ವೋಲ್ಟ್ ಬಲ್ಬ್ ಕೊಟ್ಟು ಈ ವೈರ್ ಚೆಕ್ ಮಾಡಲು ಯಾರಿಗೂ ಬಿಡಬೇಡಿ. ಇಸಿಯು ಸುಟ್ಟರೆ ಸೆನ್ಸರಿನ ದುಡ್ಡು ಲೆಕ್ಕಕ್ಕೇ ಇರುವುದಿಲ್ಲ.

ಹೊಸಪೇಟೆ ಕಡೆಯಿಂದ:
ಬದಲಿಸಲೇಬೇಕಾದರೆ ಕೇಳಿ. ಹಳೆಯದು ತುಕ್ಕಿನಲ್ಲಿ ಕಚ್ಚಿಕೊಂಡಿರುತ್ತದೆ. ವೈರ್ ಹಿಡಿದು ಎಳೆಯಬೇಡಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಟ್ಟು, ಮೈ ಹಿಡಿದು ತಿರುಗಿಸುತ್ತಾ ಎಳೆಯಿರಿ. ತುದಿಯಲ್ಲಿ ಡ್ರಮ್ ಸವೆದ ಕಬ್ಬಿಣದ ಪುಡಿ ಮೀಸೆ ಥರ ಅಂಟಿರುತ್ತದೆ, ಅಯಸ್ಕಾಂತ ಅಲ್ವಾ. ಕೆಲವು ಸಲ ಅದನ್ನು ಒರೆಸಿದರೇ ಸಿಗ್ನಲ್ ಸರಿಯಾಗುತ್ತದೆ. ಸೆನ್ಸರನ್ನು ಬಿಗಿ ಹಿಡಿಯುವ ಸ್ಪ್ರಿಂಗ್ ಬುಷ್ ಒಂದಿದೆ, ಹೊಸ ಸೆನ್ಸರ್ ಜೊತೆ ಅದನ್ನೂ ಹೊಸದೇ ಹಾಕಿ. ಹಳೇ ಬುಷ್ ಸಡಿಲ ಆಗಿದ್ದರೆ ಎಂಥ ಸೆನ್ಸರೂ ನಿಲ್ಲುವುದಿಲ್ಲ. ರಂಧ್ರ ಸ್ವಚ್ಛ ಮಾಡಿ, ತೆಳ್ಳಗೆ ಗ್ರೀಸ್ ಸವರಿ, ಕೈಯಲ್ಲೇ ರಿಂಗಿಗೆ ತಾಗುವವರೆಗೆ ಒತ್ತಿ. ಸುತ್ತಿಗೆ ಬೇಡವೇ ಬೇಡ. ಗಾಲಿ ಸುತ್ತಿಸಿದರೆ ರಿಂಗೇ ಅದನ್ನು ಬೇಕಾದಷ್ಟು ಹಿಂದೆ ತಳ್ಳಿ ಗ್ಯಾಪ್ ಮಾಡಿಕೊಳ್ಳುತ್ತದೆ. ಟಾರ್ಚ್ ಹಾಕಿ ರಿಂಗಿನ ಹಲ್ಲು ಮುರಿದಿದೆಯಾ, ಮಣ್ಣು ಕೂತಿದೆಯಾ ನೋಡಿಬಿಡಿ. ವೈರನ್ನು ಹಳೆಯದು ಹೋದ ದಾರಿಯಲ್ಲೇ ಕಟ್ಟಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಬಿಗಿಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಸಕಲೇಶಪುರದಿಂದ, ಡ್ರೈವರ್:
ಮಾಮೂಲಿ ಬ್ರೇಕ್ ಹಿಡಿಯುತ್ತದಲ್ಲ, ಲೈಟ್ ಉರಿದರೆ ಉರಿಯಲಿ ಅನ್ನುವವರು ಇದ್ದಾರೆ, ಬಲ್ಬ್ ಕಿತ್ತುಹಾಕುವವರೂ ಇದ್ದಾರೆ. ಹಾಗೆ ಮಾಡಬೇಡಿ ಸರ್. ಮಳೆಗಾಲದಲ್ಲಿ ಖಾಲಿ ಲಾರಿ ಶಿರಾಡಿ ಘಾಟಿ ಇಳಿಯುವಾಗ ಒಂದು ಗಾಲಿ ಲಾಕ್ ಆದರೆ ಸ್ಟೇರಿಂಗ್ ನಮ್ಮ ಮಾತು ಕೇಳುವುದಿಲ್ಲ. ಘಾಟಿಗೆ ಹೋಗುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ.

ಮತ್ತೆ ಚಿತ್ರದುರ್ಗದಿಂದ:
ಒಂದು ಮರೆತಿದ್ದೆ. ರಿಪೇರಿ ಆದ ಮೇಲೆ ಕೀ ಹಾಕಿದಾಗ ಲೈಟ್ ಹತ್ತಿಕೊಂಡೇ ಇದ್ದರೆ ಗಾಬರಿ ಬೇಡ. ಸೆನ್ಸರ್ ಫಾಲ್ಟ್ ಬಂದಿದ್ದ ಗಾಡಿ ಸುಮಾರು 7 ಕಿ.ಮೀ. ವೇಗ ದಾಟಿ, ಎಲ್ಲ ಗಾಲಿಯ ಸಿಗ್ನಲ್ ಸರಿ ಬಂದಮೇಲೇ ಲೈಟ್ ಆರಿಸುತ್ತದೆ. ಓಡಿಸಿಯೂ ಆರದಿದ್ದರೆ ಡಯಾಗ್ನೋಸಿಸ್ ಸ್ವಿಚ್ ಒತ್ತಿ ಲೈಟ್ ಎಷ್ಟು ಸಲ ಮಿನುಗುತ್ತದೆ ಅಂತ ಎಣಿಸಿ, ಗಾಡಿಯ ಮಾಡೆಲ್ ಜೊತೆ ಇಲ್ಲೇ ಬರೆಯಿರಿ, ಯಾವ ಗಾಲಿ ಅಂತ ನೋಡೋಣ. ಪಿಕಪ್, ಕಾರು ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ, ನಿಮ್ಮ ಗಾಡಿಯಲ್ಲಿ ಈಗ ಹೆಚ್ಚಾಗಿ ಬರುವ ಆ್ಯಕ್ಟಿವ್ ಸೆನ್ಸರಿಗೆ (ಇಸಿಯುವಿನಿಂದ ಕರೆಂಟ್ ಪಡೆದು ಕೆಲಸ ಮಾಡುವಂಥದ್ದು) ಈ ಓಮ್ಸ್ ಲೆಕ್ಕ ನಡೆಯುವುದಿಲ್ಲ, ಅದಕ್ಕೆ ಸ್ಕ್ಯಾನರ್ ಬೇಕು.